ಮೋಟಾರುಗಾಡಿಯ ಕಿಡಿ

ಸುಗಟೂರು ಎಂಬುದು ಕೋಲಾರದ ತಾಲ್ಲೂಕಿನ ಒಂದು ಗ್ರಾಮ. ನೋಡುವವರಿಗೆ ಅದು ಸುತ್ತಣ ಇತರ ಗ್ರಾಮಗಳಂತೆಯೇ ಕಾಣುವುದಾದರೂ ನಮ್ಮ ನಾಡಿನ ಚರಿತ್ರೆಯಲ್ಲಿ ಅದಕ್ಕೊಂದು ಹೆಸರುಂಟು. ವಿಜಯನಗರದ ಅರಸರ ಕಾಲದಲ್ಲಿ ಈ ಸೀಮೆಯನ್ನಾಳಿದ ಪಾಳೆಯಗಾರರ ಮನೆತನವೊಂದಕ್ಕೆ ಸುಗಟೂರೇ ಮೂಲಸ್ಥಾನ. ಆ ಮನೆತನದ ತಮ್ಮೇಗೌಡನು 16ನೆಯ ಶತಮಾನದ ಕೊನೆಯಲ್ಲಿ ಹೊಸಕೋಟೆಯನ್ನು ಕಟ್ಟಿಸಿದನು. ಅಲ್ಲಿಯ ದೊಡ್ಡ ಕೆರೆಯನ್ನೂ ಈ ಮನೆತನದ ಹೆಸರಿನೊಡನೆಯೇ ಸೇರಿಸಿ ಹೇಳುವರು. ಮುಂದಿನ ಶತಮಾನದಲ್ಲಿ ಬಿಜಾಪುರದವರು ಬಂದು ಕೋಲಾರವನ್ನೂ ಹೊಸಕೋಟೆಯನ್ನೂ ಹಿಡಿದು, ಶಹಾಜಿಗೆ ಜಹಗೀರಾಗಿ ಕೊಟ್ಟರು. ಇವೆಲ್ಲವೂ ಚರಿತ್ರೆಯ ಪುಸ್ತಕಗಳಲ್ಲಿ ದೊರೆಯುವ ಸಂಗತಿಗಳು. ಈ ದಿನ ನಾನು ಹೇಳಹೊರಟಿರುವುದು ಆ ಪಾಳೆಯಗಾರರ ಕಥೆಯನ್ನಲ್ಲ. ಸುಗಟೂರಿನ ದಾರಿಯಲ್ಲಿ ನನಗೆ ಪರಿಚಯವಾದ ಮತ್ತೊಂದು ಚರಿತ್ರೆಯನ್ನು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಪದಾರ್ಥವೊಂದರ ಚರಿತ್ರೆಯನ್ನು. ಮೋಟಾರುಗಾಡಿಯ ಯಂತ್ರದೊಳಗೆ ಕಿಡಿ ಹಾರಿಸುವ ಪ್ಲಗ್ಗು ಮತ್ತು ಅದಕ್ಕೆ ಶಕ್ತಿಯನ್ನು ಕಳುಹಿಸುವ ಕಾಯಿಲು, ಇವೇ ನನ್ನ ವಿಷಯ.

ಕೆಲವು ವರ್ಷಗಳ ಹಿಂದೆ ನಾನು ತಾಯಿಯವರನ್ನು ಕರೆದುಕೊಂಡು, ನಮ್ಮ ತಂದೆಯವರ ಕಾಲದ ಹಳೆಯ ಫಿಯಟ್ ಕಾರಿನಲ್ಲಿ ಕೋಲಾರದಿಂದ ಸುಗಟೂರಿನ ಕಡೆಗೆ ಹೊರಟಿದ್ದೆನು. ಬಂಧುಗಳ ಮನೆಯಲ್ಲಿ ಗೃಹಪ್ರವೇಶ. ಹಿಂದಿನ ವಾರವಷ್ಟೆ ಗಾಡಿ ಏರಿನಲ್ಲಿ ಮುಗ್ಗರಿಸುತ್ತಿದ್ದುದರಿಂದ ಒಂದು ಗ್ಯಾರೇಜಿಗೆ ಕೊಟ್ಟು ರಿಪೇರಿ ಮಾಡಿಸಿದ್ದೆನು. ನಾಲ್ಕು ಪ್ಲಗ್ಗುಗಳೂ ಹೊಸವು, ಕಾಯಿಲೂ ಹೊಸದು. ಹೀಗಿದ್ದರೂ ಅರ್ಧ ದಾರಿಯಲ್ಲಿ ಗಾಡಿ ನಿಂತುಹೋಯಿತು. ಅರ್ಧ ಘಂಟೆ ಸುಮ್ಮನೆ ಬಿಟ್ಟರೆ ಮತ್ತೆ ಹೊರಡುವುದು. ಒಂದೆರಡು ಮೈಲಿ ಹೋಗಿ ಮತ್ತೆ ನಿಲ್ಲುವುದು. ಹೊತ್ತು ಮುಳುಗುತ್ತಲಿದ್ದಿತು. ತಾಯಿಯವರು, “ಹೊಸದನ್ನು ಹಾಕಿಸಿದ ಮೇಲೂ ಹೀಗೇಕಪ್ಪ?” ಎಂದು ಕೇಳಿದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅದಕ್ಕೆ ಉತ್ತರವು ದೊರೆತ ಬಗೆಯನ್ನು ಹೇಳುವುದಕ್ಕೆ ಮೊದಲು, ಈ ಕಿಡಿ ಹುಟ್ಟುವ ಕ್ರಮವನ್ನೂ ಅದು ನಡೆದುಬಂದ ದಾರಿಯನ್ನೂ ಸ್ವಲ್ಪ ವಿವರಿಸಬೇಕು.

ಪೆಟ್ರೋಲು ಯಂತ್ರದ ಸಿಲಿಂಡರಿನಲ್ಲಿ ಪೆಟ್ರೋಲಿನ ಆವಿಯೂ ಗಾಳಿಯೂ ಬೆರೆತು ಒತ್ತಲ್ಪಟ್ಟಿರುವಾಗ, ಸರಿಯಾದ ಕ್ಷಣದಲ್ಲಿ ಅದಕ್ಕೆ ಬೆಂಕಿ ಮುಟ್ಟಬೇಕು. ಪ್ಲಗ್ಗಿನ ತುದಿಯಲ್ಲಿ ಎರಡು ಲೋಹದ ಮೊನೆಗಳು, ಬೆರಳಿನ ಉಗುರಿನ ದಪ್ಪದಷ್ಟು ಅಂತರದಲ್ಲಿ, ಎದುರುಬದುರಾಗಿರುವುವು. ಹಳೆಯ ಗಾಡಿಗಳಲ್ಲಿ ಈ ಅಂತರವು ಒಂದು ಮಿಲಿಮೀಟರಿನ ಹತ್ತು ಭಾಗಗಳಲ್ಲಿ ಆರು ಭಾಗವೆಂದು ಸ್ಥೂಲವಾಗಿ ಹೇಳಬಹುದು. ಇಷ್ಟು ಕಿರಿದಾದ ಅಂತರವನ್ನು ಕಿಡಿಯು ನೆಗೆಯಬೇಕಾದರೂ ಹತ್ತು ಹದಿನೈದು ಸಾವಿರ ವೋಲ್ಟುಗಳ ಒತ್ತಡ ಬೇಕು. ಗಾಡಿಯ ಬ್ಯಾಟರಿಯಲ್ಲಿರುವುದಾದರೋ ಕೇವಲ 12 ವೋಲ್ಟು. ಈ ಹನ್ನೆರಡನ್ನು ಅಷ್ಟು ಸಾವಿರವಾಗಿ ಮಾಡುವುದು ಕಾಯಿಲಿನ ಕೆಲಸ.

ಕಾಯಿಲಿನೊಳಗೆ ಒಂದು ಕಬ್ಬಿಣದ ತಿರುಳು. ಅದರ ಸುತ್ತ ಎರಡು ತಂತಿಯ ಸುರುಳಿಗಳು. ಒಂದರಲ್ಲಿ ದಪ್ಪ ತಂತಿಯ ಕೆಲವು ನೂರು ಸುತ್ತುಗಳು. ಮತ್ತೊಂದರಲ್ಲಿ ಕೂದಲಿನಂಥ ತಂತಿಯ ಅನೇಕ ಸಾವಿರ ಸುತ್ತುಗಳು. ಬ್ಯಾಟರಿಯ ಪ್ರವಾಹವು ದಪ್ಪ ಸುರುಳಿಯಲ್ಲಿ ಹರಿಯುತ್ತಿರುವುದು. ಅದನ್ನು ಥಟ್ಟನೆ ತಡೆದರೆ, ಸಣ್ಣ ತಂತಿಯ ಸುರುಳಿಯಲ್ಲಿ ಅಗಾಧವಾದ ಒತ್ತಡ ಹುಟ್ಟುವುದು. ಕೋಲಾರದ ಸೀಮೆಯವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಕಾಲುವೆಯಲ್ಲಿ ಭರದಿಂದ ಹರಿಯುತ್ತಿರುವ ನೀರಿಗೆ ಹಠಾತ್ತಾಗಿ ಹಲಗೆಯನ್ನು ಅಡ್ಡವಿಟ್ಟರೆ ನೀರು ಉಕ್ಕಿ ಮೇಲಕ್ಕೆ ನೆಗೆಯುವುದಲ್ಲವೆ? ಕಾಯಿಲಿನಲ್ಲಿ ನಡೆಯುವುದೂ ಹೆಚ್ಚುಕಡಮೆ ಅದೇ. ಆ ಹಲಗೆಯ ಸ್ಥಾನದಲ್ಲಿರುವುದು, ಪಾಯಿಂಟು ಎಂದು ಕರೆಯುವ ಎರಡು ಚಿಕ್ಕ ಲೋಹದ ಬಿಲ್ಲೆಗಳು. ಹೀಗೆ ಉಕ್ಕಿದ ಶಕ್ತಿಯನ್ನು ನಾಲ್ಕು ಸಿಲಿಂಡರುಗಳಿಗೆ ಸರದಿಯ ಪ್ರಕಾರ ಹಂಚುವುದು ಡಿಸ್ಟ್ರಿಬ್ಯೂಟರು. ಇದನ್ನು ನಾನು ಯಂತ್ರದ ನೀರುಗಂಟಿ ಎನ್ನುವೆನು. ನಮ್ಮ ಕೆರೆಗಳ ಕೆಳಗೆ ನೀರುಗಂಟಿಯು ಯಾರ ಗದ್ದೆಗೆ ಯಾವಾಗ ನೀರು ಎಂಬುದನ್ನು ತಪ್ಪದೆ ನಡೆಸುವಂತೆ, ಇದು ಮೊದಲು ಒಂದನೆಯದು, ಅನಂತರ ಮೂರು, ಅನಂತರ ನಾಲ್ಕು, ಕೊನೆಗೆ ಎರಡು ಎಂದು ಹಂಚುವುದು. ಯಂತ್ರವು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಹೀಗೆ ಸೆಕೆಂಡಿಗೆ 100 ಕಿಡಿಗಳು ಹಾರಬೇಕು. ಒಂದು ತಪ್ಪಿದರೂ ಗಾಡಿ ಮುಗ್ಗರಿಸುವುದು.

ಈ ವಿದ್ಯೆಯ ಬೀಜವನ್ನು ನೆಟ್ಟವನು ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ. 1831ರಲ್ಲಿ ಅವನು, ಒಂದು ಸುರುಳಿಯ ಪ್ರವಾಹವು ಬದಲಾದರೆ ಪಕ್ಕದ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುವುದೆಂದು ತೋರಿಸಿದನು. ಐದು ವರ್ಷಗಳ ತರುವಾಯ ಐರ್ಲೆಂಡಿನ ಪಾದ್ರಿ ನಿಕೊಲಾಸ್ ಕ್ಯಾಲನ್ ಎಂಬವನು ಈ ತತ್ತ್ವದ ಮೇಲೆ ಕಾಯಿಲನ್ನೇ ನಿರ್ಮಿಸಿದನು. ಪ್ಯಾರಿಸಿನಲ್ಲಿದ್ದ ರುಮ್‌ಕಾರ್ಫ್ ಎಂಬ ಕುಶಲಕರ್ಮಿಯು ಅದನ್ನು ಉತ್ತಮಗೊಳಿಸಿದನು. 1860ರಲ್ಲಿ ಲೆನ್ವಾರ್ ಎಂಬವನು ಅನಿಲದಿಂದ ನಡೆಯುವ ತನ್ನ ಯಂತ್ರಕ್ಕೆ ಇಂಥ ಕಾಯಿಲನ್ನೇ ಜೋಡಿಸಿ ಕಿಡಿ ಹೊತ್ತಿಸಿದನು.

ಮೋಟಾರುಗಾಡಿ ಹುಟ್ಟಿದಾಗ ಈ ಪದ್ಧತಿಯೊಂದೇ ಇದ್ದಿತೆಂದು ತಿಳಿಯಬಾರದು. 1885ರ ಸುಮಾರಿಗೆ ಜರ್ಮನಿಯ ಡೈಮ್ಲರ್ ಉಪಯೋಗಿಸಿದುದು ಹೊರಗಿನಿಂದ ಜ್ವಾಲೆಯಲ್ಲಿ ಕಾಯಿಸಿದ ಕೊಳವೆಯನ್ನು. ಕೆಂಪಗೆ ಕಾದ ಕೊಳವೆಗೆ ತಗುಲಿ ಆವಿಯು ತಾನೇ ಹೊತ್ತಿಕೊಳ್ಳುತ್ತಿದ್ದಿತು. ಆದರೆ ಅದು ಹೊತ್ತಿಕೊಳ್ಳುವ ಕ್ಷಣವು ನಡೆಸುವವನ ಹತೋಟಿಯಲ್ಲಿರಲಿಲ್ಲ. ಅದೇ ದೇಶದ ಕಾರ್ಲ್ ಬೆಂಜ್ ಬ್ಯಾಟರಿಯನ್ನೂ ಕಾಯಿಲನ್ನೂ ನಂಬಿದನು. 1888ರ ಆಗಸ್ಟಿನಲ್ಲಿ ಅವನ ಪತ್ನಿ ಬರ್ತಾ ಬೆಂಜ್ ಇಬ್ಬರು ಮಕ್ಕಳೊಡನೆ ಗಂಡನ ಗಾಡಿಯನ್ನು ಹೊರಡಿಸಿಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರುಮನೆಗೆ ಹೋದಳು. 100 ಕಿಲೋಮೀಟರಿಗೆ ಮೇಲ್ಪಟ್ಟ ದಾರಿ. ನಡುವೆ ಕಿಡಿಯ ತಂತಿಯ ಹೊದಿಕೆ ಸವೆದು ಕೆಡಲು, ಆಕೆ ತನ್ನ ಕಾಲ್ಚೀಲದ ಪಟ್ಟಿಯನ್ನೇ ತೆಗೆದು ಅದಕ್ಕೆ ಸುತ್ತಿದಳೆಂದು ಪ್ರಸಿದ್ಧಿಯುಂಟು. ದೂರದ ಪ್ರಯಾಣದಲ್ಲಿ, ನಡುದಾರಿಯಲ್ಲಿ ಕಿಡಿಯನ್ನು ರಿಪೇರಿ ಮಾಡಿದ ಮೊದಲನೆಯ ವ್ಯಕ್ತಿ ಒಬ್ಬ ಗೃಹಿಣಿ ಎಂಬುದನ್ನು ಮರೆಯಬಾರದು.

ಬೆಂಜನ ಪದ್ಧತಿಗೂ ಕುಂದಿತ್ತು. ಆಗಿನ ಗಾಡಿಗಳಲ್ಲಿ ಬ್ಯಾಟರಿಯನ್ನು ತುಂಬುವ ಡೈನಮೋ ಇರಲಿಲ್ಲ. ಬ್ಯಾಟರಿ ಬರಿದಾದರೆ ಗಾಡಿ ನಿಂತಂತೆಯೇ. ಈ ಕುಂದನ್ನು ನೀಗಿದುದು ಮ್ಯಾಗ್ನೆಟೋ. ಯಂತ್ರ ತಿರುಗುವಾಗ ಆಯಸ್ಕಾಂತದ ಬಲದಿಂದ ಕಿಡಿಯನ್ನು ತಾನೇ ಹುಟ್ಟಿಸುವ ಸಾಧನವಿದು. ಸ್ಟುಟ್‌ಗಾರ್ಟಿನ ರಾಬರ್ಟ್ ಬಾಷ್‌ನ ಕಾರ್ಖಾನೆಯಲ್ಲಿ ಗಾಟ್‌ಲೋಬ್ ಹೋನಾಲ್ಡ್ ಎಂಬ ಇಂಜಿನಿಯರನು 1902ರಲ್ಲಿ, ಅಧಿಕ ಒತ್ತಡದ ಮ್ಯಾಗ್ನೆಟೋವನ್ನೂ ಅದಕ್ಕೆ ತಕ್ಕ ಪ್ಲಗ್ಗನ್ನೂ ಸಿದ್ಧಪಡಿಸಿದನು. ಅದೇ 1902ರ ಜೂನ್ ತಿಂಗಳ ಕೊನೆಯಲ್ಲಿ ನಮ್ಮ ಶಿವನಸಮುದ್ರದ ವಿದ್ಯುತ್ತು, 92 ಮೈಲಿಗಳ ತಂತಿಯ ಮೇಲೆ ಬಂದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಬೆಟ್ಟ ಬಯಲುಗಳನ್ನು ದಾಟಿ ಬಂದ ಆ ತಂತಿಗಳ ಒತ್ತಡವು 30 ಸಾವಿರ ವೋಲ್ಟಿನ ಆಸುಪಾಸಿನದು. ಒಂದು ಪ್ಲಗ್ಗಿನ ತುದಿಯಲ್ಲಿ ಹುಟ್ಟುವ ಒತ್ತಡವು ಅದರ ಅರ್ಧದಷ್ಟಾದರೂ ಆಗಬಹುದೆಂದರೆ, ಪ್ಲಗ್ಗಿನ ಬಿಳಿಯ ಪಿಂಗಾಣಿಯ ಮೇಲೆ ಎಷ್ಟು ಭಾರ ಬಿದ್ದಿದೆಯೆಂಬುದನ್ನು ಊಹಿಸಬಹುದು. ಮೊದಮೊದಲ ಕೆಲವು ಪ್ಲಗ್ಗುಗಳಲ್ಲಿ ಪಿಂಗಾಣಿಗೆ ಬದಲಾಗಿ ಅಭ್ರಕವನ್ನು ಉಪಯೋಗಿಸುತ್ತಿದ್ದರು. ನಮ್ಮ ದೇಶದ ನೆಲ್ಲೂರು, ಕೊಡರ್ಮಾ ಪ್ರಾಂತಗಳು ಅಭ್ರಕಕ್ಕೆ ಹೆಸರಾದ ನೆಲೆಗಳೆಂಬುದನ್ನು ಎಲ್ಲರೂ ಬಲ್ಲರು.

1908ರಲ್ಲಿ ಅಮೆರಿಕದಲ್ಲಿ ಹೊರಟ ಫೋರ್ಡ್ ಕಂಪನಿಯ ‘ಮಾಡೆಲ್ ಟಿ’ ಗಾಡಿಯಲ್ಲಿ ಒಂದೊಂದು ಸಿಲಿಂಡರಿಗೆ ಒಂದರಂತೆ ನಾಲ್ಕು ಕಾಯಿಲುಗಳು ಮರದ ಪೆಟ್ಟಿಗೆಗಳಲ್ಲಿದ್ದುವು. ಅದಾದ ಎರಡು ವರ್ಷಕ್ಕೆ ಚಾರ್ಲ್ಸ್ ಕೆಟರಿಂಗ್ ಎಂಬವನು ಕ್ಯಾಡಿಲ್ಯಾಕ್ ಗಾಡಿಗಳಿಗಾಗಿ, ನಾಲ್ಕು ಕಾಯಿಲುಗಳಿಗೆ ಬದಲು ಒಂದೇ ಕಾಯಿಲು, ಒಂದು ಜೊತೆ ಪಾಯಿಂಟು, ಒಂದು ಡಿಸ್ಟ್ರಿಬ್ಯೂಟರು ಇರುವ ಪದ್ಧತಿಯನ್ನು ಬಳಕೆಗೆ ತಂದನು. 1912ರಲ್ಲಿ ಅವನ ಸೆಲ್ಫ್ ಸ್ಟಾರ್ಟರೂ ಡೈನಮೋವೂ ಬಂದ ಮೇಲೆ ಬ್ಯಾಟರಿ ಬರಿದಾಗುವ ಭಯ ತಪ್ಪಿತು. ಮ್ಯಾಗ್ನೆಟೋಗೆ ನಿಧಾನವಾಗಿ ತಿರುಗುವಾಗ ಬಲವು ಕಡಮೆ. ಕಾಯಿಲಿಗೆ ಆ ದೋಷವಿಲ್ಲ. ಆದುದರಿಂದ ಕಾಯಿಲು ಮರಳಿ ಬಂದಿತು. ಆದರೂ ಮ್ಯಾಗ್ನೆಟೋ ನಾಶವಾಗಲಿಲ್ಲ. ಬ್ಯಾಟರಿಯ ಹಂಗು ಇರಕೂಡದೆಂಬ ಕಾರಣದಿಂದ ಪಿಸ್ಟನ್ ಯಂತ್ರದ ಚಿಕ್ಕ ವಿಮಾನಗಳಲ್ಲಿ ಅದು ಇಂದಿಗೂ ಉಳಿದಿದೆ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಕೊಳವೆ ಹೋಗಿ ಕಾಯಿಲು ಬಂದುದು, ಕಾಯಿಲು ಹೋಗಿ ಮ್ಯಾಗ್ನೆಟೋ ಬಂದುದು, ಮ್ಯಾಗ್ನೆಟೋ ಹೋಗಿ ಮತ್ತೆ ಕಾಯಿಲು ಬಂದುದು, ಇವೊಂದೂ ಹೊಸತನದ ಮೋಹದಿಂದ ಆದ ಬದಲಾವಣೆಯಲ್ಲ. ಪ್ರತಿಯೊಂದು ಸಲವೂ ಹಳೆಯದರ ದೋಷವು ಇಂಥದೆಂದು ಮೊದಲು ಗೊತ್ತಾಯಿತು. ಆ ದೋಷಕ್ಕೆ ತಕ್ಕ ಪರಿಹಾರವು ಅನಂತರ ಬಂದಿತು.

ಇನ್ನು ನಮ್ಮ ನಾಡಿನ ಮಾತು. ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ನಮ್ಮಲ್ಲಿ ಓಡಾಡಿದ ಕಾರು, ಬಸ್ಸುಗಳ ಪ್ಲಗ್ಗು ಕಾಯಿಲುಗಳು ಹಡಗಿನಲ್ಲಿ ಬರಬೇಕಾಗಿದ್ದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದು, ಬಸ್ಸುಗಳ ಹಿಂದೆ ಇದ್ದಲಿನ ಒಲೆ ಕಟ್ಟಿಕೊಂಡು ಆ ಅನಿಲದಿಂದ ಓಡಿಸಿದುದನ್ನು ಹಿರಿಯರು ಹೇಳುತ್ತಿದ್ದರು. ಆಗಲೂ ಹೊತ್ತಿಸುವ ಕೆಲಸ ಕಿಡಿಯದೇ. ಬಿಡಿಭಾಗ ಬಾರದಿದ್ದಾಗ ಇದ್ದುದನ್ನೇ ತಿಕ್ಕಿ ತೊಳೆದು, ಮೊನೆಗಳ ಅಂತರವನ್ನು ಸರಿಪಡಿಸಿ ನಡೆಸುವುದು ಅನಿವಾರ್ಯವಾಗಿದ್ದಿತು.

ಮೋಟಾರುಗಾಡಿಯನ್ನು ನಮ್ಮಲ್ಲೇ ಮಾಡಬೇಕೆಂದು ಮೊದಲು ಹಟ ತೊಟ್ಟವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಮುಖ್ಯರು. ಅವರು ಹುಟ್ಟಿದ ಮುದ್ದೇನಹಳ್ಳಿಯು 2007ರವರೆಗೆ ಕೋಲಾರ ಜಿಲ್ಲೆಗೇ ಸೇರಿದ್ದಿತು. 1935ರಲ್ಲಿ, ಎಪ್ಪತ್ತನ್ನು ದಾಟಿದ ವಯಸ್ಸಿನಲ್ಲಿ, ಅವರು ಯೂರೋಪು ಅಮೆರಿಕಗಳಿಗೆ ಹೋಗಿ ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆಯನ್ನು ಸಿದ್ಧಪಡಿಸಿದರು. ಉದ್ಯಮಿ ವಾಲಚಂದ್ ಹೀರಾಚಂದರು ಮುಂದೆ ಬಂದರು. ಮೈಸೂರು ಸರಕಾರವೂ ನೆರವಿಗೆ ಸಿದ್ಧವಾಗಿದ್ದಿತು. ಆದರೆ ಆಗಿನ ಇಂಡಿಯಾ ಸರಕಾರದ ಪ್ರೋತ್ಸಾಹವು ದೊರೆಯಲಿಲ್ಲ. ಬೆಂಗಳೂರಿಗೆ ಮೋಟಾರು ಕಾರ್ಖಾನೆಗೆ ಬದಲಾಗಿ 1940ರ ಡಿಸೆಂಬರಿನಲ್ಲಿ ವಾಲಚಂದರ ವಿಮಾನದ ಕಾರ್ಖಾನೆ ಬಂದಿತು. ಅವರ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯು 1944ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾಯಿತು. ನಮ್ಮ ತಂದೆಯವರ ಫಿಯಟ್ ತಯಾರಾದುದು ಅಲ್ಲಿಯೇ.

ಗಾಡಿಯು ತಪ್ಪಿದರೂ ಕಿಡಿಯು ಬೆಂಗಳೂರಿಗೆ ತಪ್ಪಲಿಲ್ಲ. 1951ರಲ್ಲಿ ಬಾಷ್ ಕಂಪನಿಯ ಸಹಕಾರದಿಂದ ಇಲ್ಲಿ ‘ಮೋಟಾರ್ ಇಂಡಸ್ಟ್ರೀಸ್ ಕಂಪನಿ’ ಸ್ಥಾಪಿತವಾಯಿತು. ಅದನ್ನು ಜನರು ಮೈಕೋ ಎಂದು ಕರೆದರು. ಆಡುಗೋಡಿಯ ಕಾರ್ಖಾನೆಯಲ್ಲಿ ಆ ದಶಕದಲ್ಲಿಯೇ ಡೀಸೆಲ್ ಯಂತ್ರದ ಪಂಪುಗಳೂ ಸ್ಪಾರ್ಕ್ ಪ್ಲಗ್ಗುಗಳೂ ತಯಾರಾಗತೊಡಗಿದುವು. ಹಳ್ಳಿಯ ಸೈಕಲ್ ಅಂಗಡಿಯಲ್ಲೂ ‘ಮೈಕೋ ಪ್ಲಗ್ಗು’ ಎಂಬ ಮಾತು ಬಳಕೆಗೆ ಬಂದಿತು. 1902ರಲ್ಲಿ ಯಾವ ಕಂಪನಿಯಲ್ಲಿ ಅಧಿಕ ಒತ್ತಡದ ಕಿಡಿ ಹುಟ್ಟಿತೋ ಅದರ ವಿದ್ಯೆಯು, ಅರ್ಧ ಶತಮಾನದ ತರುವಾಯ ನಮ್ಮವರ ಕೈಗೆ ಬಂದಿತು. ಆ ಕಂಪನಿಗೆ 2008ರಲ್ಲಿ ಬಾಷ್ ಲಿಮಿಟೆಡ್ ಎಂದೇ ಹೆಸರಾಯಿತು.

ಈಗ ಸುಗಟೂರಿನ ದಾರಿಗೆ ಹಿಂದಿರುಗೋಣ. ನಮ್ಮ ಅವಸ್ಥೆಯನ್ನು ಕಂಡು ಹತ್ತಿರದ ಹಳ್ಳಿಯವರೊಬ್ಬರು ವೃದ್ಧರಾದ ಒಬ್ಬ ಮೇಸ್ತ್ರಿಯನ್ನು ಕರೆತಂದರು. ಆತನು ಬಂದವನೇ ಯಾವುದನ್ನೂ ಬಿಚ್ಚಲಿಲ್ಲ. “ಇದಕ್ಕೆ ಏನೇನು ಹೊಸದು ಹಾಕಿಸಿದ್ದೀರಿ, ಸ್ವಾಮಿ?” ಎಂದು ಕೇಳಿದನು. ಹೇಳಿದೆನು. “ಹಳೆಯದೆಲ್ಲ ಎಲ್ಲಿ?” ಎಂದನು. ನಮ್ಮ ತಂದೆಯವರಿಗೆ ಒಂದು ಅಭ್ಯಾಸವಿದ್ದಿತು. ಹೊಸ ಸಾಮಾನು ಒಂದು ತಿಂಗಳು ನಡೆಯುವವರೆಗೆ ಹಳೆಯದನ್ನು ಬಿಸಾಡಕೂಡದು. ಅದನ್ನೇ ಅನುಸರಿಸಿ ಹಳೆಯ ಕಾಯಿಲನ್ನೂ ಪ್ಲಗ್ಗುಗಳನ್ನೂ ಗ್ಯಾರೇಜಿನಿಂದ ಕೇಳಿ ತಂದು, ಡಿಕ್ಕಿಯಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದೆನು.

ಮೇಸ್ತ್ರಿಯು ಹಳೆಯ ನಾಲ್ಕು ಪ್ಲಗ್ಗುಗಳನ್ನೂ ಸಾಲಾಗಿ ಬಟ್ಟೆಯ ಮೇಲೆ ಇಟ್ಟು ದೀಪದ ಬೆಳಕಿನಲ್ಲಿ ನೋಡಿದನು. ವೈದ್ಯನು ನಾಲಿಗೆಯನ್ನು ನೋಡುವಂತೆ ಬಲ್ಲವರು ಪ್ಲಗ್ಗನ್ನು ನೋಡುವರು. ತುದಿಯು ತಿಳಿಕಂದು ಬಣ್ಣವಾಗಿದ್ದರೆ ಯಂತ್ರವು ಆರೋಗ್ಯವಾಗಿದೆ. ಒಣಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚಾಗಿದೆ. ಎಣ್ಣೆಯ ಜಿಡ್ಡು ಇದ್ದರೆ ಸಿಲಿಂಡರಿನೊಳಕ್ಕೆ ಎಣ್ಣೆ ಇಳಿಯುತ್ತಿದೆ. ಬಿಳಿಚಿ ಬೆಂದಂತಿದ್ದರೆ ಕಾವು ಮಿತಿಮೀರಿದೆ. ಹಳೆಯ ಪ್ಲಗ್ಗುಗಳಲ್ಲಿ ಮೂರು ಕಂದು ಬಣ್ಣದವು. ಒಂದರ ಪಿಂಗಾಣಿ ಮಾತ್ರ ಕೂದಲೆಳೆಯಷ್ಟು ಸೀಳಿದ್ದಿತು. “ಏರಿನಲ್ಲಿ ಮುಗ್ಗರಿಸುತ್ತಿದ್ದುದು ಇದರಿಂದ. ಪ್ಲಗ್ಗು ಬದಲಾಯಿಸಿದುದು ಸರಿ. ಕಾಯಿಲು ಏನು ತಪ್ಪು ಮಾಡಿತ್ತು?” ಎಂದನು. ಆಮೇಲೆ ಹೊಸ ಕಾಯಿಲನ್ನು ಮುಟ್ಟಿ ನೋಡೆಂದನು. ಕೈ ಇಡಲಾಗದಷ್ಟು ಸುಡುತ್ತಿದ್ದಿತು.

ಆತನು ವಿವರಿಸಿದುದರ ಸಾರಾಂಶವಿಷ್ಟು. ಕಾಯಿಲುಗಳಲ್ಲಿ ಎರಡು ಜಾತಿಯುಂಟು. ಒಂದು ಜಾತಿಯದು ಪೂರ್ತಿ 12 ವೋಲ್ಟನ್ನು ತಡೆದುಕೊಳ್ಳುವುದು. ಅದರ ದಪ್ಪ ಸುರುಳಿಯ ತಡೆ 3 ಓಮ್‌ನ ಹತ್ತಿರವಿರುವುದು. ಮತ್ತೊಂದು ಜಾತಿಯದರ ತಡೆ ಅದರ ಅರ್ಧದಷ್ಟು. ಅದಕ್ಕೂ ಬ್ಯಾಟರಿಗೂ ನಡುವೆ ಬೇರೊಂದು ತಡೆತಂತಿ ಇದ್ದೇ ಇರಬೇಕು. ನಮ್ಮ ಗಾಡಿಗೆ ಮೊದಲನೆಯ ಜಾತಿ ಸಲ್ಲುವುದು, ಹಾಕಿದ್ದುದು ಎರಡನೆಯದು. ಎರಡರಷ್ಟು ಪ್ರವಾಹ ಹರಿದು ಕಾಯಿಲು ಕಾಯುತ್ತಿದ್ದಿತು. ಕಾದಾಗ ಕಿಡಿ ಸಾಯುತ್ತಿದ್ದಿತು, ತಣಿದಾಗ ಮರಳುತ್ತಿದ್ದಿತು. ಪಾಯಿಂಟುಗಳೂ ಸುಟ್ಟು ಕಪ್ಪಾಗಿದ್ದುವು. ಎರಡೂ ಹೊರಗಿನಿಂದ ಒಂದೇ ಬಗೆಯ ಡಬ್ಬಿಗಳಾದುದರಿಂದ, ಹೆಸರು ಓದದವರಿಗೆ ಭೇದವು ತಿಳಿಯದು.

ಆತನು ಪಾಯಿಂಟುಗಳನ್ನು ಅರದಿಂದ ಉಜ್ಜಿ, ಅಂತರವನ್ನು ಸರಿಪಡಿಸಿ, ಹಳೆಯ ಕಾಯಿಲನ್ನೇ ಮರಳಿ ಕೂಡಿಸಿದನು. ಆಮೇಲೆ ಹೊಸ ಪ್ಲಗ್ಗುಗಳನ್ನೂ ಒಮ್ಮೆ ಪರೀಕ್ಷಿಸಿದನು. ಒಂದೊಂದೇ ತಂತಿಯನ್ನು ಕಳಚಿ ಒಂದೊಂದನ್ನೇ ಬಿಚ್ಚಿದನು. ನಾಲ್ಕನ್ನೂ ಒಟ್ಟಿಗೆ ಬಿಚ್ಚಿದರೆ ಸರದಿ ತಪ್ಪುವುದಷ್ಟೆ. ಬಿಚ್ಚುವುದಕ್ಕೆ ಮುಂಚೆ ಬುಡದ ಧೂಳನ್ನು ಊದಿದನು. ಹಾಕುವಾಗ ಮೊದಲು ಬೆರಳಿನಿಂದಲೇ ಮರೆಯನ್ನು ಹಿಡಿಸಿ, ಕೊನೆಗೆ ಮಾತ್ರ ಪಾನವನ್ನು ಮುಟ್ಟಿದನು. ಗಾಡಿ ಒಂದೇ ಬಾರಿಗೆ ಹೊರಟಿತು. ತಾಯಿಯವರು ಸುಗಟೂರು ಸೇರುವಾಗ ಮನೆಯಲ್ಲಿ ದೀಪ ಹಚ್ಚಿ ಕಾದಿದ್ದರು. ಆ ಹಳೆಯ ಕಾಯಿಲು ಮತ್ತೆ ನಮ್ಮನ್ನು ಕೈಬಿಡಲಿಲ್ಲ.

ಈಚಿನ ಗಾಡಿಗಳಲ್ಲಿ ಪಾಯಿಂಟೂ ಇಲ್ಲ, ಡಿಸ್ಟ್ರಿಬ್ಯೂಟರೂ ಇಲ್ಲ. ಪಾಯಿಂಟುಗಳು ಸವೆಯುವುವೆಂಬ ದೋಷಕ್ಕಾಗಿ 1970ರ ದಶಕದಿಂದ ಎಲೆಕ್ಟ್ರಾನಿಕ್ ಸಾಧನಗಳು ಹೆಚ್ಚಾಗಿ ಬಂದುವು. ವೇಗ ಹೆಚ್ಚಿದಾಗ ಒಂದೇ ಕಾಯಿಲಿಗೆ ತುಂಬಿಕೊಳ್ಳಲು ಬಿಡುವು ಸಾಲದೆಂಬ ದೋಷಕ್ಕಾಗಿ, ಒಂದೊಂದು ಪ್ಲಗ್ಗಿನ ತಲೆಯ ಮೇಲೆ ಒಂದೊಂದು ಕಾಯಿಲನ್ನು ಕೂಡಿಸಿದರು. 1908ರ ನಾಲ್ಕು ಕಾಯಿಲುಗಳು ಬೇರೆ ವೇಷದಲ್ಲಿ ಹಿಂದಿರುಗಿದುವೆಂದು ಹೇಳಬಹುದು. ಈ ಗಾಡಿಗಳಿಗೂ ಈಗ ವಯಸ್ಸಾಗುತ್ತಲಿದೆ. ಎರಡನೆಯ ಸಿಲಿಂಡರು ಕೆಲಸ ಮಾಡುವುದಿಲ್ಲವೆಂದಾಗ ನಾಲ್ಕು ಕಾಯಿಲುಗಳನ್ನೂ ಕೊಳ್ಳಬೇಕಾದುದಿಲ್ಲ. ಅನುಮಾನವಿರುವ ಕಾಯಿಲನ್ನು ಮೂರನೆಯದರ ಸ್ಥಾನಕ್ಕೆ ಬದಲಿಸಿ ನೋಡುವುದು. ದೋಷವೂ ಅದರೊಡನೆ ಮೂರನೆಯದಕ್ಕೆ ಹೋದರೆ ಕಾಯಿಲಿನ ತಪ್ಪು. ಎರಡರಲ್ಲೇ ನಿಂತರೆ ತಪ್ಪು ಪ್ಲಗ್ಗಿನದೋ ಮತ್ತೊಂದರದೋ ಆಗಿರಬೇಕು. ಇದಕ್ಕೆ ಬೇಕಾದುದು ಹತ್ತು ನಿಮಿಷ ಮತ್ತು ಕೊಂಚ ತಾಳ್ಮೆ.

ಸುಗಟೂರಿನ ತಾಲ್ಲೂಕಿನದೇ ಆದ ನರಸಾಪುರದಲ್ಲಿ 2013ರಲ್ಲಿ ಹೋಂಡಾ ಕಂಪನಿಯ ದ್ವಿಚಕ್ರ ವಾಹನಗಳ ಕಾರ್ಖಾನೆ ಆರಂಭವಾಯಿತು. ಅಲ್ಲಿಂದ ಹೊರಟ ಪೆಟ್ರೋಲಿನ ಗಾಡಿಗಳಲ್ಲೆಲ್ಲ ಒಂದೊಂದು ಕಿಡಿ. ವಿದ್ಯುತ್ತಿನ ಗಾಡಿಗಳು ಹೆಚ್ಚಿದಂತೆ ಈ ಕಿಡಿಗೂ ಒಂದು ದಿನ ಕೊನೆ ಬರಬಹುದು. ಆಗ ಪ್ಲಗ್ಗೂ ಕಾಯಿಲೂ ವಸ್ತುಸಂಗ್ರಹಾಲಯವನ್ನು ಸೇರುವುವು, ಅದಕ್ಕೆ ದುಃಖಿಸಬೇಕಾದುದಿಲ್ಲ. ಆದರೆ ಬದಲಿಸುವುದಕ್ಕೆ ಮೊದಲು ಯಾವುದು ಕೆಟ್ಟಿತೆಂದು ಕೇಳುವ ಆ ವೃದ್ಧ ಮೇಸ್ತ್ರಿಯ ಬುದ್ಧಿಯು ಅವುಗಳೊಡನೆ ಹೋಗಬಾರದು. ತೂಬು ಸೋರಿದರೆ ತೂಬನ್ನು ಸರಿಪಡಿಸಿ, ಏರಿ ಕುಸಿದರೆ ಏರಿಯನ್ನು ಕಟ್ಟಿ, ಹೂಳು ತುಂಬಿದರೆ ಹೂಳನ್ನು ತೆಗೆದು ನಮ್ಮ ಹಿರಿಯರು ಸಾವಿರಾರು ಕೆರೆಗಳನ್ನು ಶತಮಾನಗಳ ಕಾಲ ಉಳಿಸಿಕೊಂಡರು. ಕೆರೆಯನ್ನೇ ಬದಲಿಸಹೊರಟವರಲ್ಲ. ತಾಯಿಯವರು ಆ ಸಂಜೆ ಕೇಳಿದ ಪ್ರಶ್ನೆಗೆ ನನಗೆ ದೊರೆತ ಉತ್ತರ ಇದೇ.